ಅಂಗಡಿ, ಖಾನಾವಳಿ, ಕ್ಲಿನಿಕ್: ಗೋಡೆಗೆ ಏನು ಮಾಡಿಸಬೇಕು, ನೆಲಕ್ಕೆ ಏನು ಹಾಕಿಸಬೇಕು?

ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಹೊಸದಾಗಿ ಅಂಗಡಿ ಹಾಕುವವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಮೊಬೈಲಿನಲ್ಲಿ ಒಂದು ಫೋಟೋ ತೋರಿಸುತ್ತಾರೆ. "ಗೋಡೆ ಹಿಂಗ ಬೇಕು, ನೆಲ ಹಿಂಗ ಬೇಕು, ಚದರ ಅಡಿಗೆ ಎಷ್ಟ್ ಆಗತದ ರೀ?" ಅಂತಾರೆ. ಆ ಪ್ರಶ್ನೆಗೆ ಒಂದೇ ಸಾಲಿನಲ್ಲಿ ಉತ್ತರ ಕೊಡಲು ಆಗುವುದಿಲ್ಲ. ಫೋಟೋದಲ್ಲಿ ಕಾಣುವುದು ಮೇಲಿನ ಎರಡು-ಮೂರು ಮಿಲಿಮೀಟರ್ ಮಾತ್ರ. ನಿಮ್ಮ ದುಡ್ಡು ಐದು ವರ್ಷ ಬಾಳುತ್ತದೋ ಒಂದೇ ಮಳೆಗಾಲಕ್ಕೆ ಉದುರುತ್ತದೋ ಎಂಬುದು ಅದರ ಕೆಳಗಿರುವ ಗಿಲಾವು, ಕಾಂಕ್ರೀಟು ಮತ್ತು ತೇವದ ಮೇಲೆ ನಿಂತಿದೆ.

ಈ ಲೇಖನ ಅಂಗಡಿಯ ಮಾಲೀಕರಿಗಾಗಿ. ಗುತ್ತೇದಾರರ ಜೊತೆ ಕೂತು ಮಾತಾಡುವಾಗ ಏನು ಕೇಳಬೇಕು, ಯಾವುದಕ್ಕೆ ಹೂಂ ಅನ್ನಬಾರದು ಎಂದು ತಿಳಿದರೆ ಸಾಕು. ಒಂದು ಸೂತ್ರ ಮೊದಲೇ ಹೇಳಿಬಿಡುತ್ತೇನೆ: ಕಾಲು ತುಳಿಯುವ, ಕೈ ಮುಟ್ಟುವ ಜಾಗಕ್ಕೆ ಗಟ್ಟಿ ವಸ್ತು. ಕಣ್ಣಿಗೆ ಮಾತ್ರ ಸಿಗುವ ಜಾಗಕ್ಕೆ ಅಲಂಕಾರ. ಮುಂದಿನ ಹಂತಗಳೆಲ್ಲ ಇದನ್ನೇ ಬಿಡಿಸಿ ಹೇಳುತ್ತವೆ.

ಕೈಯಲ್ಲಿ ಇರಬೇಕಾದ್ದು ಇಷ್ಟೇ: ಅಳತೆ ಟೇಪು, ಪೆನ್ಸಿಲು, ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆ, ಅಂಟುಪಟ್ಟಿ, ಒಂದು ನಾಣ್ಯ, ಸಾಧ್ಯವಾದರೆ ಆರಡಿ ಉದ್ದದ ನೇರ ಪಟ್ಟಿ ಮತ್ತು ರಸಮಟ್ಟ.

ಹಂತ 1. ಎಲ್ಲಿ ಏನು ತಗಲುತ್ತದೆ, ಬರೆದುಕೊಳ್ಳಿ

ಒಂದು ಹಾಳೆಯ ಮೇಲೆ ಅಂಗಡಿಯ ನಕ್ಷೆ ಬರೆಯಿರಿ. ಗಿರಾಕಿ ಬಾಗಿಲಿನಿಂದ ಕೌಂಟರಿಗೆ ನಡೆಯುವ ದಾರಿಯನ್ನು ಗುರುತು ಮಾಡಿ. ನೀರು ಬೀಳುವ ಜಾಗ, ಎಣ್ಣೆ ಸಿಡಿಯುವ ಜಾಗ, ಮಧ್ಯಾಹ್ನದ ಬಿಸಿಲು ಗಾಜಿನಿಂದ ನೇರ ಬೀಳುವ ಜಾಗ, ಕುರ್ಚಿಯ ಬೆನ್ನು ಗೋಡೆಗೆ ತಿಕ್ಕುವ ಜಾಗ, ಎಲ್ಲ ಬರಲಿ.

ಗೋಡೆಯನ್ನು ಮನಸ್ಸಿನಲ್ಲೇ ಎರಡು ಭಾಗ ಮಾಡಿ. ನೆಲದಿಂದ ನಾಲ್ಕು ಅಡಿವರೆಗಿನದು ಪೆಟ್ಟು ತಿನ್ನುವ ಭಾಗ. ಕೈ, ಚೀಲ, ಒರೆಸುವ ಬಟ್ಟೆ, ಕುರ್ಚಿ ಎಲ್ಲ ತಗಲುವುದು ಅಲ್ಲೇ. ಅಲ್ಲಿಂದ ಮೇಲೆ ಕಣ್ಣಿನ ಭಾಗ. ಕೌಂಟರಿನ ಹಿಂದಿನ ಗೋಡೆ ಗಿರಾಕಿಯ ಕೈಗೆ ಸಿಗುವುದಿಲ್ಲ, ಆದರೆ ಬಂದವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ದುಬಾರಿ ಕೆಲಸ ಮಾಡಿಸುವುದಿದ್ದರೆ ಆ ಒಂದು ಗೋಡೆಗೆ ಮಾಡಿಸಿ. ನಾಲ್ಕೂ ಗೋಡೆಗೆ ಟೆಕ್ಸ್ಚರ್ (ಗೆರೆ ಮೂಡಿಸುವ ದಪ್ಪ ಬಣ್ಣ) ಹೊಡೆಸಿದರೆ ಖರ್ಚೂ ಜಾಸ್ತಿ, ಅಂಗಡಿಯೂ ಚಿಕ್ಕದಾಗಿ ಕಾಣುತ್ತದೆ.

ಹೊಸ್ತಿಲನ್ನು ಬೇರೆಯಾಗಿಯೇ ನೋಡಬೇಕು. ನಮ್ಮ ಕಡೆ ಅಮಾವಾಸ್ಯೆಗೆ ಅಂಗಡಿ ಮುಂದೆ ಬೂದುಗುಂಬಳಕಾಯಿ ಒಡೆದು ಕುಂಕುಮ ಹಚ್ಚುತ್ತಾರೆ, ಕಾಯಿ ಒಡೆಯುತ್ತಾರೆ. ದೀಪಾವಳಿಗೆ ಲಕ್ಷ್ಮೀಪೂಜೆ, ಎಣ್ಣೆ ದೀಪ, ಅರಿಷಿಣ. ಬಿಳಿ ಮಾರ್ಬಲ್ ಹೊಸ್ತಿಲಿಗೆ ಒಮ್ಮೆ ಅರಿಷಿಣದ ನೀರು ಇಳಿದರೆ ಆ ಹಳದಿ ಸುಲಭಕ್ಕೆ ಹೋಗುವುದಿಲ್ಲ. ಸಿಮೆಂಟಿನ ತೆಳು ಲೇಪನವಾದರೆ ಕಾಯಿಯ ಪೆಟ್ಟಿಗೆ ಚಕ್ಕೆ ಏಳುತ್ತದೆ. ಹೊಸ್ತಿಲಿಗೂ ಅದರ ಮುಂದಿನ ಎರಡು ಅಡಿಗೂ ಕಪ್ಪು ಅಥವಾ ಕಡುಬಣ್ಣದ ಗ್ರಾನೈಟ್ ಹಾಕಿಸಿ. ಇಳಕಲ್ಲಿನ ಕೆಂಪು ಗ್ರಾನೈಟ್ ನಮಗೆ ಹತ್ತಿರದಲ್ಲೇ ಸಿಗುತ್ತದೆ, ಕುಂಕುಮದ ಕಲೆಯೂ ಅದರಲ್ಲಿ ಎದ್ದು ಕಾಣುವುದಿಲ್ಲ. ಪಾವಟಿಗೆಗೆ ಮಾತ್ರ ನುಣುಪು ಪಾಲಿಶ್ ಬೇಡ. ಬೆಂಕಿಯಿಂದ ಸುಟ್ಟು ಒರಟು ಮಾಡಿದ ಗ್ರಾನೈಟ್ ಕೇಳಿ, ಇಲ್ಲವೇ ಅಂಚಿನಲ್ಲಿ ಮೂರು ಗೆರೆ ಕೊರೆಸಿ. ಆಷಾಢದ ಜಿಟಿಜಿಟಿ ಮಳೆಯಲ್ಲಿ ಜಾರಿ ಬೀಳುವವರು ನಿಮ್ಮ ಗಿರಾಕಿಗಳೇ ಆಗಿರುತ್ತಾರೆ.

ಹಂತ 2. ಅಡಿಯನ್ನು ಪರೀಕ್ಷಿಸಿ

ಎಲ್ಲಕ್ಕಿಂತ ಮುಖ್ಯವಾದ ಹಂತ ಇದು. ಜನ ಬಿಟ್ಟುಬಿಡುವುದೂ ಇದನ್ನೇ.

ಮೊದಲು ಗೋಡೆಯ ತೇವ ನೋಡಿ. ನೆಲದಿಂದ ಎರಡು-ಮೂರು ಅಡಿಯೊಳಗೆ ಬಣ್ಣ ಉಬ್ಬಿದೆಯೇ, ಬೆರಳಾಡಿಸಿದರೆ ಬಿಳಿ ಪುಡಿ ಬರುತ್ತದೆಯೇ? ಆ ಪುಡಿ ಇಟ್ಟಿಗೆ ಮತ್ತು ಸಿಮೆಂಟಿನೊಳಗಿನ ಉಪ್ಪು. ನೆಲದ ನೀರು ಗೋಡೆಯೊಳಗೆ ಏರಿ, ಹೊರಗೆ ಬಂದು ಆರಿದಾಗ ಉಪ್ಪು ಉಳಿಯುತ್ತದೆ. ಇಂಥ ಗೋಡೆಗೆ ಪುಟ್ಟಿ, ಪಿಒಪಿ, ಜಿಪ್ಸಂ, ವಾಲ್‌ಪೇಪರ್ ಯಾವುದೂ ನಿಲ್ಲುವುದಿಲ್ಲ. ವಾಟರ್‌ಪ್ರೂಫ್ ಬಣ್ಣ ಹೊಡೆದು ಮುಚ್ಚಿಬಿಡೋಣ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಅಲ್ಲಿ ಹೊರಬರಲಾಗದ ನೀರು ಇನ್ನೂ ಮೇಲಕ್ಕೆ ಏರಿ ಅಲ್ಲಿ ಹೊರಬರುತ್ತದೆ. ಮೊದಲು ಕಾರಣ ಹುಡುಕಿಸಿ: ಗೋಡೆಯಾಚೆ ಒಡೆದ ಪೈಪು ಇರಬಹುದು, ಪಕ್ಕದವರ ಬಚ್ಚಲು ಇರಬಹುದು, ಹೊರಗಿನ ರಸ್ತೆ ನಿಮ್ಮ ನೆಲಕ್ಕಿಂತ ಎತ್ತರ ಆಗಿರಬಹುದು. ರಸ್ತೆಗೆ ಡಾಂಬರು, ಕಾಂಕ್ರೀಟು ಹಾಕುತ್ತಾ ಹಾಕುತ್ತಾ ಹಳೆ ಪೇಟೆಯ ಎಷ್ಟೋ ಮಳಿಗೆಗಳು ತಗ್ಗಿಗೆ ಬಿದ್ದಿರುತ್ತವೆ.

ದುರ್ಗದಬೈಲ್ ಸುತ್ತಮುತ್ತ, ಧಾರವಾಡದ ಹಳೆ ಓಣಿಗಳಲ್ಲಿ, ಬೆಟಗೇರಿಯಲ್ಲಿ ಮಣ್ಣು-ಕಲ್ಲಿನ ಗೋಡೆ, ಸುಣ್ಣದ ಗಚ್ಚಿನ ಗಿಲಾವು ಇರುವ ಕಟ್ಟಡಗಳು ಇನ್ನೂ ಇವೆ. ಅವುಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ಸುಣ್ಣದ ಗೋಡೆ ತೇವವನ್ನು ಹೀರಿಕೊಂಡು ಮತ್ತೆ ಗಾಳಿಗೆ ಬಿಡುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು, ಪ್ಲಾಸ್ಟಿಕ್ ಎಮಲ್ಷನ್ ಬಳಿದರೆ ಆ ದಾರಿ ಮುಚ್ಚಿಹೋಗುತ್ತದೆ. ಆಮೇಲೆ ಗಿಲಾವು ಹಲಗೆಹಲಗೆಯಾಗಿ ಕಳಚುತ್ತದೆ. ಅಂಥ ಗೋಡೆಗೆ ಸುಣ್ಣದ ಲೇಪನವೇ ಸರಿ. ನೋಡಲೂ ಅದೇ ಚೆಂದ.

ಎರಡನೆಯದು ಪೊಳ್ಳು. ನಾಣ್ಯದಿಂದ ಗೋಡೆಯನ್ನು ಅಡಿಗೊಮ್ಮೆ ತಟ್ಟುತ್ತಾ ಹೋಗಿ. ಗಟ್ಟಿ ಸದ್ದು ಬಂದರೆ ಸರಿ. ಡಬ್ ಡಬ್ ಅಂದರೆ ಗಿಲಾವು ಗೋಡೆಯಿಂದ ಬಿಟ್ಟಿದೆ. ಪೆನ್ಸಿಲಿನಲ್ಲಿ ಸುತ್ತು ಹಾಕಿ. ಅಷ್ಟು ಭಾಗ ಕೆಡವಿ ಹೊಸ ಗಿಲಾವು ಮಾಡಿಸಲೇಬೇಕು. ಹಳೆ ನೆಲದ ಟೈಲ್ಸ್ ಮೇಲೆ ಹೊಸದು ಹಾಕುವ ಯೋಚನೆ ಇದ್ದರೂ ಇದೇ ಪರೀಕ್ಷೆ.

ಮೂರನೆಯದು ನೆಲದ ತೇವ. ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲಿಟ್ಟು ನಾಲ್ಕೂ ಅಂಚಿಗೆ ಬಿಗಿಯಾಗಿ ಪಟ್ಟಿ ಅಂಟಿಸಿ. ಕನಿಷ್ಠ 16 ಗಂಟೆ ಬಿಡಿ. ತೆಗೆದಾಗ ಹಾಳೆಯ ಒಳಗೆ ಹನಿ ಕಂಡರೆ ಅಥವಾ ಅಲ್ಲಿನ ಕಾಂಕ್ರೀಟು ಸುತ್ತಲಿಗಿಂತ ಕಪ್ಪಾಗಿದ್ದರೆ ನೆಲ ಇನ್ನೂ ಹಸಿ. ಅದರ ಮೇಲೆ ಎಪಾಕ್ಸಿ (ಸುರಿದ ಮೇಲೆ ಗಟ್ಟಿಯಾಗುವ ಲೇಪ) ಸುರಿದರೆ ಗುಳ್ಳೆ ಏಳುತ್ತದೆ. ಮೂರ್ನಾಲ್ಕು ಕಡೆ ಈ ಪರೀಕ್ಷೆ ಮಾಡಿ, ಬಚ್ಚಲಿನ ಪಕ್ಕ ಒಂದು ಕಡ್ಡಾಯ.

ನಾಲ್ಕನೆಯದು ನಮ್ಮ ಎರೆಮಣ್ಣು. ನವಲಗುಂದ, ಗದಗ, ಹುಬ್ಬಳ್ಳಿಯ ಪೂರ್ವದ ಕಡೆ ಅಂಗಡಿಯಿದ್ದರೆ ಇದನ್ನು ಮರೆಯಬೇಡಿ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕುಗ್ಗಿ ಬಿರಿಯುತ್ತದೆ. ಅದನ್ನು ಸಾಕಷ್ಟು ಆಳಕ್ಕೆ ತೆಗೆಸದೆ, ಗರಸು ತುಂಬಿ ಕುಟ್ಟಿಸದೆ ನೆಲ ಹಾಕಿದ್ದರೆ ಕೆಳಗಿನ ಕಾಂಕ್ರೀಟು ವರ್ಷವಿಡೀ ಅಲುಗಾಡುತ್ತಿರುತ್ತದೆ. ಬಿರುಕು ಕಂಡರೆ ಅದರ ಎರಡೂ ತುದಿಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ. ಒಂದೆರಡು ತಿಂಗಳಲ್ಲಿ ಬಿರುಕು ಗೆರೆ ದಾಟಿದರೆ ಅದು ಇನ್ನೂ ಬೆಳೆಯುತ್ತಿದೆ ಅಂತ ಅರ್ಥ. ಅಂಥ ನೆಲಕ್ಕೆ ಜೋಡಣೆ ಇಲ್ಲದ ಎಪಾಕ್ಸಿ, ಮೈಕ್ರೋಸಿಮೆಂಟ್ (ಸಿಮೆಂಟಿನ ತೆಳು ಲೇಪ) ಹಾಕಿಸಲೇಬೇಡಿ. ಕೆಳಗಿನ ಬಿರುಕು ಹಾಗೆಯೇ ಮೇಲೆ ಮೂಡುತ್ತದೆ. ನಡುನಡುವೆ ಸಂದು ಇರುವ ಕಲ್ಲು ಅಥವಾ ಟೈಲ್ಸ್ ಹಾಕಿಸಿ. ಒಂದು ಒಡೆದರೆ ಒಂದನ್ನೇ ಬದಲಿಸಬಹುದು.

ಕೊನೆಗೆ ಮಟ್ಟ. ಆರಡಿಯ ಪಟ್ಟಿಯನ್ನು ನೆಲದ ಮೇಲಿಡಿ. ಅದರ ಕೆಳಗೆ 3 ಮಿಲಿಮೀಟರಿಗಿಂತ ಹೆಚ್ಚು ಬೆಳಕು ಕಂಡರೆ ದೊಡ್ಡ ಟೈಲ್ಸಿಗೂ ಎಸ್‌ಪಿಸಿ ಹಲಗೆಗೂ (ಒಂದಕ್ಕೊಂದು ಸಿಕ್ಕಿಸುವ ನೆಲದ ಹಲಗೆ) ಮೊದಲು ಮಟ್ಟ ಮಾಡಿಸಬೇಕು. ಆ ಖರ್ಚನ್ನು ಅಂದಾಜಿನಲ್ಲಿ ಬೇರೆ ಸಾಲಾಗಿ ಬರೆಸಿ.

ಹಂತ 3. ನೆಲ ಆರಿಸಿ

ಗೋಡೆಗಿಂತ ಮೊದಲು ನೆಲ ತೀರ್ಮಾನವಾಗಲಿ. ಗೋಡೆಯ ಬಣ್ಣ ಒಂದು ರಾತ್ರಿಯಲ್ಲಿ ಬದಲಿಸಬಹುದು. ನೆಲ ಬದಲಿಸಲು ವ್ಯಾಪಾರ ನಿಲ್ಲಿಸಬೇಕು.

*ವಿಟ್ರಿಫೈಡ್ ಟೈಲ್ಸ್.* ಹೆಚ್ಚಿನ ಅಂಗಡಿಗಳಿಗೆ ಇದೇ ಸಾಕು. ವಿಟ್ರಿಫೈಡ್ ಅಂದರೆ ಹೆಚ್ಚು ಶಾಖದಲ್ಲಿ ಸುಟ್ಟು, ನೀರು ಹೀರುವುದು ಶೇ. 0.5ಕ್ಕಿಂತ ಕಡಿಮೆ ಇರುವ ಟೈಲ್ಸ್. ಇದರಲ್ಲೇ ಎರಡು ಜಾತಿ ನಿಮಗೆ ಗೊತ್ತಿರಬೇಕು. ಮೇಲೆ ಗಾಜಿನಂಥ ಲೇಪ, ಅದರಡಿ ಮುದ್ರಿಸಿದ ಚಿತ್ರ ಇರುವುದು ಜಿವಿಟಿ. ಮಾರ್ಬಲ್, ಮರದಂತೆ ಕಾಣುವವೆಲ್ಲ ಬಹುಪಾಲು ಇವೇ. ಚೆಂದ, ಆದರೆ ಗೀರು ಬಿದ್ದರೆ ಚಿತ್ರಕ್ಕೇ ಬೀಳುತ್ತದೆ. ಇನ್ನೊಂದು ಡಬಲ್ ಚಾರ್ಜ್. ಇದರಲ್ಲಿ ಬಣ್ಣದ ಪದರವೇ ಮೂರ್ನಾಲ್ಕು ಮಿಲಿಮೀಟರ್ ದಪ್ಪ. ವಿನ್ಯಾಸ ಸಾದಾ, ಬಾಳಿಕೆ ಹೆಚ್ಚು. ಗಿರಾಕಿಗಳು ನಡೆಯುವ ದಾರಿಗೆ ಡಬಲ್ ಚಾರ್ಜ್, ಟ್ರಯಲ್ ರೂಮು ಮತ್ತು ಕ್ಯಾಬಿನ್ನಿಗೆ ಜಿವಿಟಿ ಅಂತ ಹಂಚಿಕೊಂಡರೆ ಚೆನ್ನ. ಜಿವಿಟಿಯನ್ನೇ ಎಲ್ಲ ಕಡೆ ಹಾಕುವುದಿದ್ದರೆ ಸವೆತದ ದರ್ಜೆ, ಅಂದರೆ ಪಿಇಐ, 4 ಅಥವಾ 5 ಇರಲಿ. ಡಬ್ಬಿಯ ಮೇಲೆ ಇಲ್ಲದಿದ್ದರೆ ಅಂಗಡಿಯವರಿಂದ ತಯಾರಕರ ಮಾಹಿತಿ ಹಾಳೆ ಕೇಳಿ ಪಡೆಯಿರಿ.

ಜಾರುವಿಕೆಗೂ ಒಂದು ಅಳತೆ ಇದೆ. ಆರ್9ರಿಂದ ಆರ್13ರವರೆಗೆ ಅಂಕಿ ಕೊಟ್ಟಿರುತ್ತಾರೆ, ಅಂಕಿ ಏರಿದಷ್ಟೂ ಜಾರುವುದು ಕಡಿಮೆ. ಒಣ ಅಂಗಡಿಗೆ ಆರ್9 ನಡೆಯುತ್ತದೆ. ಊಟದ ಹಾಲಿಗೆ ಆರ್10 ಇರಲಿ. ಖಾನಾವಳಿಯ ಅಡುಗೆಮನೆಗೆ, ಕೈ ತೊಳೆಯುವ ಜಾಗಕ್ಕೆ ಆರ್11ಕ್ಕಿಂತ ಕಡಿಮೆ ಬೇಡವೇ ಬೇಡ. ಕನ್ನಡಿಯಂತೆ ಹೊಳೆಯುವ ಟೈಲ್ಸ್ ಮೇಲೆ ಎಣ್ಣೆಗಾಯಿಯ ಎರಡು ಹನಿ ಎಣ್ಣೆ, ಮೇಲೊಂದು ಹನಿ ಮಜ್ಜಿಗೆ ಬಿದ್ದರೆ ತಾಟು ಹಿಡಿದು ಓಡಾಡುವ ಹುಡುಗನ ಗತಿ ಏನು, ಅಲ್ವಾ?

ಟೈಲ್ಸ್ ಕೂರಿಸುವ ರೀತಿಯೂ ಮುಖ್ಯ. ವಿಟ್ರಿಫೈಡ್ ನೀರು ಹೀರುವುದಿಲ್ಲ, ಹಾಗಾಗಿ ಸಿಮೆಂಟ್ ಹಾಲಿಗೆ ಅದು ಸರಿಯಾಗಿ ಹಿಡಿಯುವುದಿಲ್ಲ. ಎರಡಡಿ-ನಾಲ್ಕಡಿಯ ದೊಡ್ಡ ಟೈಲ್ಸಿಗೆ ಪಾಲಿಮರ್ ಬೆರೆತ ಅಂಟನ್ನೇ ಬಳಸಬೇಕು. ಅದಕ್ಕೆ ಐಎಸ್ 15477 ಎಂಬ ಮಾನದಂಡ ಇದೆ, ಚೀಲದ ಮೇಲೆ ನೋಡಿ. ಗೌಂಡಿ ಹಲ್ಲಿರುವ ಥಾಪಿಯಿಂದ ನೆಲಕ್ಕೂ ಟೈಲ್ಸಿನ ಬೆನ್ನಿಗೂ ಅಂಟು ಹಚ್ಚಬೇಕು. ನಾಲ್ಕು ಮೂಲೆಗೆ ನಾಲ್ಕು ಉಂಡೆ ಇಟ್ಟು ಒತ್ತುವುದನ್ನು ಕಂಡರೆ ಅಲ್ಲೇ ನಿಲ್ಲಿಸಿ. ಉಂಡೆಗಳ ನಡುವೆ ಪೊಳ್ಳು ಉಳಿಯುತ್ತದೆ. ತಿಜೋರಿ, ಫ್ರಿಜ್ಜು ಎಳೆದ ದಿನ ಅಲ್ಲೇ ಒಡೆಯುತ್ತದೆ.

ಸಂದೇ ಇಲ್ಲದೆ ಕೂರಿಸಿ ಎಂಬ ಬೇಡಿಕೆ ನಮ್ಮಲ್ಲಿ ಬಹಳ. ಅದು ತಪ್ಪು. ಪ್ರತಿ ಟೈಲ್ಸಿನ ನಡುವೆ 2–3 ಮಿಲಿಮೀಟರ್, ಗೋಡೆಯ ಅಂಚಿಗೆ 5–6 ಮಿಲಿಮೀಟರ್ ಬಿಡಿ. ಗೋಡೆಯ ಅಂಚು ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿಯ ಕೆಳಗೆ ಮುಚ್ಚಿಹೋಗುತ್ತದೆ. ದೊಡ್ಡ ಹಾಲಿನಲ್ಲಿ 20–25 ಅಡಿಗೊಂದು ಮೆತ್ತನೆಯ ಸೀಲೆಂಟ್ ತುಂಬಿದ ಸಂದು ಇರಲಿ. ಏಪ್ರಿಲ್-ಮೇ ಬಿಸಿಲಿಗೆ ಟೈಲ್ಸ್ ಹಿಗ್ಗುತ್ತವೆ. ಜಾಗ ಸಿಗದಿದ್ದರೆ ಎರಡು ಸಾಲು ಒಂದಕ್ಕೊಂದು ಒತ್ತಿ, ಟಪ್ಪನೆ ಡೇರೆಯಂತೆ ಮೇಲೇಳುತ್ತವೆ.

*ಕಲ್ಲು.* ಶಹಾಬಾದ್ ಫರಸಿ, ರಾಜಸ್ಥಾನದ ಕೋಟಾ, ಕಡಪಾ ಮೂರೂ ನಮ್ಮ ಜನಕ್ಕೆ ಹಳೆ ಪರಿಚಯ. ಬಿಸಿಲೂರಿನಲ್ಲಿ ಇವುಗಳ ತಂಪು ಬೇರೆಯೇ. ಪುಸ್ತಕದಂಗಡಿ, ಕೈಮಗ್ಗದ ಮಳಿಗೆ, ಚಹಾದಂಗಡಿಗೆ ಶಹಾಬಾದ್ ಮತ್ತು ಕೋಟಾ ಅಷ್ಟು ಚೆಂದ ಒಪ್ಪುತ್ತವೆ, ಜನ ಯಾಕೆ ಮರೆತರೋ ಎಂದು ನನಗೆ ನಿಜವಾಗಿಯೂ ಬೇಸರ ಆಗುತ್ತದೆ. ಚಿಕ್ಕ ಚೌಕಗಳಾಗಿ ಕತ್ತರಿಸಿ, ಬೂದು-ಕಪ್ಪು ಎಂದು ಬದಲಿಸಿ ಹಾಕಿಸಿದರೆ ಅದೇ ಅಲಂಕಾರ. ಒಂದು ಎಚ್ಚರ ಬೇಕು: ಇವು ಸುಣ್ಣದ ಕಲ್ಲುಗಳು. ಲಿಂಬೆ, ಹುಣಸೆ, ಮೊಸರು, ಪಾಯಖಾನೆ ತೊಳೆಯುವ ಆಸಿಡ್ ಯಾವುದು ಬಿದ್ದರೂ ಹೊಳಪು ತಿನ್ನುತ್ತದೆ. ಖಾನಾವಳಿಗೆ ಗ್ರಾನೈಟೇ ಸರಿ.

*ಮೊಸಾಯಿಕ್, ಅಂದರೆ ಟೆರಾಜೋ.* ಸಿಮೆಂಟಿನಲ್ಲಿ ಮಾರ್ಬಲ್ ಚೂರು ಕಲಸಿ ಹಾಕಿ, ಗಟ್ಟಿಯಾದ ಮೇಲೆ ಯಂತ್ರದಿಂದ ಹಂತಹಂತವಾಗಿ ತಿಕ್ಕುವುದು. ಹಳೆ ಸರಕಾರಿ ಕಚೇರಿ, ಕಾಲೇಜುಗಳಲ್ಲಿ ನೀವು ನಡೆದಾಡಿದ್ದು ಇದರ ಮೇಲೆಯೇ. ಈಗ ಮತ್ತೆ ಬೇಡಿಕೆ ಬಂದಿದೆ. ಜಾಗವನ್ನು ಹಿತ್ತಾಳೆ ಅಥವಾ ಅಲ್ಯುಮಿನಿಯಂ ಪಟ್ಟಿಯಿಂದ ಮೂರ್ನಾಲ್ಕು ಅಡಿಯ ಚೌಕ ಮಾಡಿಸಿ. ಬಿರುಕು ಬಂದರೂ ಆ ಪಟ್ಟಿಯ ಗುಂಟ ಬರುತ್ತದೆ. ತಿಕ್ಕುವಾಗ ಕೆಸರಿನ ನೀರು ಗೋಡೆಗೆಲ್ಲ ಸಿಡಿಯುತ್ತದೆ, ಆದ್ದರಿಂದ ಬಣ್ಣಕ್ಕಿಂತ ಮೊದಲು ಇದು ಮುಗಿಯಬೇಕು.

*ಎಪಾಕ್ಸಿ.* ಎರಡು ದ್ರವ ಕಲಸಿ ಸುರಿದು ಗಟ್ಟಿಯಾಗುವ ಲೇಪ. ಸಂದಿಲ್ಲದ ಕಾರಣ ಲ್ಯಾಬ್, ಔಷಧದ ಗೋದಾಮು, ಕ್ಲಿನಿಕ್ಕಿಗೆ ಒಳ್ಳೆಯದು. ಲೋಹದ ಹೊಳಪಿನ ಎಪಾಕ್ಸಿ ಶೋರೂಮಿನಲ್ಲಿ ಬೆರಗು ಹುಟ್ಟಿಸುತ್ತದೆ. ಆದರೆ ಹೊಸ ಕಾಂಕ್ರೀಟಿಗೆ 28 ದಿನ ತುಂಬಿರಬೇಕು, ನೆಲ ಒಣಗಿರಬೇಕು, ಬಿಸಿಲು ಬೀಳಬಾರದು. ಬಿಸಿಲು ಬಿದ್ದ ಕಡೆ ಹಳದಿಯಾಗುತ್ತದೆ. ಮೇಲೆ ಪಿಯು, ಅಂದರೆ ಪಾಲಿಯುರೆಥೇನ್ ರಕ್ಷಣಾ ಲೇಪ ಹೊಡೆಸಿದರೆ ತಕ್ಕಮಟ್ಟಿಗೆ ತಡೆಯುತ್ತದೆ. ಕಬ್ಬಿಣದ ಕಾಲಿನ ಸ್ಟೂಲು ಎಳೆದರೆ ಗೀರು ಖಚಿತ.

*ಎಸ್‌ಪಿಸಿ ಹಲಗೆ.* ಸುಣ್ಣಕಲ್ಲಿನ ಪುಡಿ ಮತ್ತು ಪ್ಲಾಸ್ಟಿಕ್ ಸೇರಿಸಿದ, ಒಂದಕ್ಕೊಂದು ಸಿಕ್ಕಿಸುವ ಹಲಗೆ. ಬಾಡಿಗೆ ಜಾಗದವರಿಗೆ ಇದರಷ್ಟು ಅನುಕೂಲ ಬೇರೆ ಇಲ್ಲ, ಖಾಲಿ ಮಾಡುವಾಗ ಬಿಚ್ಚಿಕೊಂಡು ಹೋಗಬಹುದು. ಮೇಲಿನ ಸವೆತದ ಪದರ 0.5 ಮಿಲಿಮೀಟರ್ ಇರುವುದನ್ನೇ ಕೇಳಿ, 0.3 ಮನೆಗೆ ಮಾತ್ರ. ಭಾರದ ಕೌಂಟರನ್ನು ಇದರ ಮೇಲೆ ಮೊಳೆ ಹೊಡೆದು ಕೂರಿಸಬೇಡಿ. ಹಲಗೆಗಳು ಹಿಗ್ಗಲು ಜಾಗ ಸಿಗದೆ ಉಬ್ಬುತ್ತವೆ. ಮರದಂತೆ ಕಾಣುವ ಅಗ್ಗದ ಲ್ಯಾಮಿನೇಟ್ ನೆಲವನ್ನು ಇದೇ ಎಂದು ತಿಳಿದು ಕೊಳ್ಳಬೇಡಿ, ಅದಕ್ಕೆ ನೀರು ಆಗುವುದಿಲ್ಲ.

ನೆಲ ಯಾವುದೇ ಇರಲಿ, ಬಾಗಿಲ ಒಳಗೆ ನಾಲ್ಕೈದು ಅಡಿ ಉದ್ದದ ಕಾಲೊರಸು ಕೂರುವಷ್ಟು ತಗ್ಗು ಮಾಡಿಸಿ. ಎರಡು ಹೆಜ್ಜೆ ಅದರ ಮೇಲೆ ಬಿದ್ದರೆ ಎರೆಮಣ್ಣಿನ ಕೆಸರೂ ಬೇಸಿಗೆಯ ಧೂಳಿನ ಹರಳೂ ಅಲ್ಲೇ ನಿಲ್ಲುತ್ತವೆ. ನೆಲವನ್ನು ಸವೆಸುವುದು ಆ ಹರಳು.

ಹಂತ 4. ಗೋಡೆ ಆರಿಸಿ

*ಟೆಕ್ಸ್ಚರ್ ಬಣ್ಣ.* ಮರಳಿನಂಥ ಕಣ ಬೆರೆತ ದಪ್ಪ ಬಣ್ಣವನ್ನು ರೋಲರ್ ಅಥವಾ ಥಾಪಿಯಿಂದ ಎಳೆದು ಗೆರೆ ಮೂಡಿಸುವುದು. ಗೋಡೆಯ ಸಣ್ಣಪುಟ್ಟ ಓರೆಕೋರೆ ಮುಚ್ಚುತ್ತದೆ. ಆದರೆ ಆ ಗೆರೆಗಳಲ್ಲಿ ಧೂಳು ಕೂರುತ್ತದೆ. ರಸ್ತೆಗೆ ತೆರೆದ ಅಂಗಡಿಯಲ್ಲಿ ಆಳವಾದ ಗೆರೆ ಬೇಡ. ಅಡುಗೆಯ ಹೊಗೆ ಮುಟ್ಟುವಲ್ಲಿ ಇದು ಬೇಡವೇ ಬೇಡ, ಜಿಡ್ಡು ಹಿಡಿದ ಟೆಕ್ಸ್ಚರ್ ತೊಳೆಯಲು ಬರುವುದಿಲ್ಲ.

*ಸುಣ್ಣದ ನುಣುಪು ಲೇಪ.* ಹದ ಮಾಡಿದ ಸುಣ್ಣ ಮತ್ತು ಮಾರ್ಬಲ್ ಪುಡಿಯನ್ನು ತೆಳುವಾಗಿ ಎರಡು-ಮೂರು ಸಲ ಬಳಿದು, ಉಕ್ಕಿನ ಕರಣಿಯಿಂದ ತಿಕ್ಕಿ ಹೊಳಪು ತರುವುದು. ಸ್ಟುಕ್ಕೋ ಎಂದು ಮಾರುತ್ತಾರೆ. ಕೈ ಕೆಲಸ ಇದು, ಕುಶಲಿ ಬೇಕು. ಹಳೆ ಆಯಿಲ್ ಪೇಂಟ್ ಇದ್ದರೆ ಪೂರ್ತಿ ಕೆರೆದು ತೆಗೆಯಬೇಕು. ಒಡವೆ ಅಂಗಡಿ, ರೇಷ್ಮೆ ಸೀರೆ ಮಳಿಗೆಯ ಒಂದು ಗೋಡೆಗೆ ಮಾಡಿಸಿದರೆ ಬೇರೇನೂ ಬೇಕಿಲ್ಲ. ನಾಲ್ಕು ಅಡಿಗಿಂತ ಮೇಲೆ ಮಾತ್ರ ಇರಲಿ.

*ಮೈಕ್ರೋಸಿಮೆಂಟ್.* ಪಾಲಿಮರ್ ಬೆರೆಸಿದ ಸಿಮೆಂಟಿನ 2–3 ಮಿಲಿಮೀಟರ್ ಲೇಪ, ಮೇಲೆ ಪಿಯು ರಕ್ಷಣೆ. ಕೆಫೆಗಳಲ್ಲಿ ಕಾಣುವ ಬೂದುಬಣ್ಣದ ಗೋಡೆ ಬಹುಪಾಲು ಇದೇ. ಗಟ್ಟಿಯಾಗಿ ಕೂತಿರುವ ಹಳೆ ಟೈಲ್ಸ್ ಮೇಲೂ ಮಾಡಬಹುದು. ಪಿಯು ಪದರವನ್ನು ಉಳಿತಾಯಕ್ಕೆಂದು ಒಂದೇ ಕೋಟಿಗೆ ಮುಗಿಸಿದರೆ ಚಹಾದ ಕಲೆ ಒಳಗಿಳಿಯುತ್ತದೆ.

*ಪಟ್ಟಿ ಪ್ಯಾನೆಲ್‌ಗಳು.* ಮಾರುಕಟ್ಟೆಯಲ್ಲಿ ಚಾರ್‌ಕೋಲ್ ಪ್ಯಾನೆಲ್, ಪಿವಿಸಿ, ಡಬ್ಲ್ಯೂಪಿಸಿ (ಮರದ ಪುಡಿ-ಪ್ಲಾಸ್ಟಿಕ್ ಮಿಶ್ರಣ) ಎಂದು ಸಿಗುತ್ತವೆ. ಒಂದು ದಿನದಲ್ಲಿ ಗೋಡೆ ಬದಲಾಗುತ್ತದೆ, ಅದಕ್ಕೇ ಎಲ್ಲರಿಗೂ ಇಷ್ಟ. ಎರಡು ವಿಷಯ ಗಟ್ಟಿಯಾಗಿ ಹೇಳಬೇಕಿದೆ. ಒಂದು, ತೇವದ ಗೋಡೆಯನ್ನು ಮರೆಮಾಡಲು ಇವನ್ನು ಹಚ್ಚಬೇಡಿ. ಹಿಂದೆ ಬೂಷ್ಟು ಬೆಳೆಯುತ್ತದೆ, ಮರದ ಚೌಕಟ್ಟಿದ್ದರೆ ಗೆದ್ದಲು ಬರುತ್ತದೆ. ಎರಡು, ಬೆಂಕಿ. ಚಾರ್‌ಕೋಲ್ ಪ್ಯಾನೆಲ್ ಬಹುಪಾಲು ಪಾಲಿಸ್ಟೈರಿನ್, ಅಂದರೆ ಥರ್ಮಾಕೋಲಿನ ಜಾತಿಯ ಪ್ಲಾಸ್ಟಿಕ್. ಹೊತ್ತಿದರೆ ಕಪ್ಪು ದಟ್ಟ ಹೊಗೆ. ಪಿವಿಸಿ ಸುಟ್ಟರೆ ಉಸಿರು ಕಟ್ಟಿಸುವ ಆಮ್ಲದ ಅನಿಲ ಬರುತ್ತದೆ. ಹೊರಹೋಗುವ ದಾರಿ, ಮೆಟ್ಟಿಲು, ಅಡುಗೆಮನೆ, ಮೀಟರ್ ಬೋರ್ಡಿನ ಸುತ್ತ, ದೇವರ ದೀಪದ ಹಿಂದೆ ಇವು ಇರಲೇಬಾರದು. ಅಂಗಡಿಯ ದೇವರ ಗೂಡಿನ ಹಿಂದೆ ಒಂದು ಗ್ರಾನೈಟ್ ತುಂಡು ಸಾಕು.

*ವಾಲ್‌ಪೇಪರ್.* ಒಣ ಗೋಡೆ, ಎಸಿ ಇರುವ ಕ್ಯಾಬಿನ್ನು, ಬ್ಯೂಟಿ ಪಾರ್ಲರಿಗೆ ಚೆನ್ನ. ಒರೆಸಬಹುದಾದ ವಿನೈಲ್ ಆರಿಸಿ. ಪುಟ್ಟಿಯ ಮೇಲೆ ಪ್ರೈಮರ್ ಹೊಡೆಯದೆ ಅಂಟಿಸಿದರೆ ಬಿಚ್ಚುವಾಗ ಪುಟ್ಟಿಯೂ ಕಿತ್ತು ಬರುತ್ತದೆ.

*ಖಾನಾವಳಿ, ಬೇಕರಿ, ಮಿಠಾಯಿ ಅಂಗಡಿ.* ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಗೋಡೆ-ನೆಲ ನುಣುಪಾಗಿ, ತೊಳೆಯಲು ಬರುವಂತೆ, ಬಣ್ಣ-ಗಿಲಾವು ಉದುರದಂತೆ ಇರಬೇಕು. ಹಾಗಾಗಿ ಅಡುಗೆ ಮಾಡುವಲ್ಲಿ ಅಲಂಕಾರದ ಮಾತೇ ಬೇಡ, ತಿಳಿಬಣ್ಣದ ಟೈಲ್ಸ್ ಏಳಡಿ ಎತ್ತರಕ್ಕೆ ಹಾಕಿಸಿ. ಸಂದಿಗೆ ಎಪಾಕ್ಸಿ ಗ್ರೌಟ್ ತುಂಬಿಸಿ. ಸಿಮೆಂಟ್ ಗ್ರೌಟ್ ಎಣ್ಣೆ ಹೀರುತ್ತದೆ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಎಣ್ಣೆಯಲ್ಲಿ ಇಳಿದು ಒಮ್ಮೆ ಸಂದಿಗೆ ಹಿಡಿದರೆ ಎಷ್ಟು ತಿಕ್ಕಿದರೂ ಕೆಂಪು ಉಳಿಯುತ್ತದೆ.

ನಮ್ಮದೇ ಚಿತ್ತಾರ ಬೇಕು ಅನ್ನುವವರಿಗೆ ಒಂದು ಮಾತು. ಕಸೂತಿಯ ಗೋಪುರ, ತೇರು, ತುಳಸಿಕಟ್ಟೆಯ ಆಕಾರಗಳನ್ನು ಕೊರೆದ ಹಾಳೆಯಿಟ್ಟು ಗೋಡೆಗೆ ಬಿಡಿಸಿದರೆ ಧಾರವಾಡದ ಅಂಗಡಿಗೆ ಕಳೆ ಬರುತ್ತದೆ. ಕಸೂತಿ ಎಣಿಕೆಯ ಕೆಲಸ, ನೇರ ಮತ್ತು ಓರೆ ಗೆರೆಗಳಷ್ಟೇ. ಹಾಗಾಗಿ ಚೌಕುಳಿಯ ಕಾಗದದಲ್ಲಿ ಬಿಡಿಸಿಕೊಂಡು ದೊಡ್ಡದು ಮಾಡುವುದು ಸುಲಭ. ಆದರೆ ಇವನ್ನು ನೆಲಕ್ಕೆ ತರಬೇಡಿ. ಗೋಪುರ, ತುಳಸಿಕಟ್ಟೆ ತುಳಿಯಲು ನಮ್ಮ ಹೆಣ್ಣುಮಕ್ಕಳು ಒಪ್ಪುವುದಿಲ್ಲ, ಪಕ್ಕಕ್ಕೆ ಸರಿದು ನಡೆಯುತ್ತಾರೆ. ನೆಲಕ್ಕೆ ನವಲಗುಂದದ ಜಮಖಾನೆಯ ಚೌಕ, ಪಟ್ಟೆ, ಅಂಚುಗಳನ್ನು ತೆಗೆದುಕೊಳ್ಳಿ. ಅದು ಹುಟ್ಟಿದ್ದೇ ಹಾಸಲಿಕ್ಕೆ.

ಹಂತ 5. ಮಾದರಿ ಮಾಡಿಸಿ, ನಿಮ್ಮ ದೀಪದಲ್ಲೇ ನೋಡಿ

ಕೈಯಗಲದ ತುಣುಕು ನೋಡಿ ಒಪ್ಪಬೇಡಿ. ಮೂರಡಿ ಚೌಕದ ಮಾದರಿಯನ್ನು ನಿಮ್ಮ ಗೋಡೆಯ ಮೇಲೇ ಮಾಡಿಸಿ, ಬೆಳಗ್ಗೆ ಮತ್ತು ದೀಪ ಹಚ್ಚಿದ ಮೇಲೆ ಎರಡೂ ಹೊತ್ತು ನೋಡಿ. 3000 ಕೆಲ್ವಿನ್ ದೀಪ ಹಳದಿ ಬೆಳಕು ಕೊಡುತ್ತದೆ, 4000 ಬಿಳಿಯ ಕಡೆಗೆ. ಸೀರೆ ಅಂಗಡಿಯವರು ಇಲ್ಲಿ ಅರ್ಧ ಗಂಟೆ ಹೆಚ್ಚು ಕಳೆಯಲಿ. ಎದುರಿನ ಗೋಡೆ ದಟ್ಟ ಹಸಿರಾಗಿದ್ದರೆ ಅದರ ಛಾಯೆ ಇಳಕಲ್ ಸೀರೆಯ ಕೆಂಪು ಸೆರಗಿನ ಮೇಲೆ ಬಿದ್ದು ಕೆಂಪು ಮಂಕಾಗುತ್ತದೆ. ಗಿರಾಕಿ ಸೀರೆ ಹಿಡಿದು ಬಾಗಿಲ ಬೆಳಕಿಗೆ ಹೋಗುತ್ತಾರೆ ಅಂದರೆ ಒಳಗಿನ ಬಣ್ಣ ನಂಬಿಕೆ ಕೊಡುತ್ತಿಲ್ಲ. ಸೀರೆ ಬಿಚ್ಚಿ ತೋರಿಸುವ ಜಾಗದ ಸುತ್ತ ಬಿಳಿ, ಕೆನೆ ಅಥವಾ ತಿಳಿಬೂದು ಗೋಡೆಯೇ ಇರಲಿ. ದೀಪದ ಡಬ್ಬಿಯ ಮೇಲೆ ಸಿಆರ್‌ಐ 90 ಅಥವಾ ಮೇಲೆ ಇರಲಿ. ಬಣ್ಣವನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಂಕಿ ಅದು.

ಹಂತ 6. ಲೆಕ್ಕ ಮತ್ತು ಕರಾರು

ಗೌಂಡಿಗಳು ಬ್ರಾಸ್ ಲೆಕ್ಕ ಹೇಳಿದರೆ ಗಾಬರಿ ಬೇಡ, ಗೋಡೆ-ನೆಲದ ಮಟ್ಟಿಗೆ ಒಂದು ಬ್ರಾಸ್ ಅಂದರೆ 100 ಚದರ ಅಡಿ.

ಟೈಲ್ಸ್ ಲೆಕ್ಕ ಹೀಗೆ. ಅಂಗಡಿ 20 ಅಡಿಗೆ 30 ಅಡಿ, 600 ಚದರ ಅಡಿ. ಕತ್ತರಿಸಿ ಹೋಗುವುದಕ್ಕೆ ಶೇ. 10 ಸೇರಿಸಿ, 660. 600×1200 ಮಿಲಿಮೀಟರಿನ ಎರಡು ಟೈಲ್ಸ್ ಇರುವ ಬಾಕ್ಸು ಸುಮಾರು 15.5 ಚದರ ಅಡಿ. 43 ಬಾಕ್ಸು ಬೇಕು. ಮೇಲೆ ಎರಡು ಬಾಕ್ಸು ಮುಂದಿನ ರಿಪೇರಿಗೆ. ಓರೆಯಾಗಿ ಹಾಕಿಸಿದರೆ ಶೇ. 15 ಹಿಡಿಯಿರಿ. ಎಲ್ಲ ಬಾಕ್ಸಿನ ಬ್ಯಾಚ್ ನಂಬರೂ ಶೇಡ್ ನಂಬರೂ ಒಂದೇ ಇರಬೇಕು, ಗಾಡಿಯಿಂದ ಇಳಿಸುವಾಗಲೇ ನೋಡಿ. ಕೂರಿಸಿದ ಮೇಲೆ ಯಾರೂ ವಾಪಸ್ ತಗೊಳ್ಳುವುದಿಲ್ಲ.

ವಾಲ್‌ಪೇಪರನ್ನು ಚದರ ಅಡಿಯಲ್ಲಿ ಎಣಿಸಿದರೆ ಕಡಿಮೆ ಬೀಳುತ್ತದೆ. ಸಾಮಾನ್ಯ ಸುರುಳಿ 21 ಇಂಚು ಅಗಲ, 33 ಅಡಿ ಉದ್ದ, ಒಟ್ಟು 57 ಚದರ ಅಡಿ. 12 ಅಡಿ ಅಗಲ, 10 ಅಡಿ ಎತ್ತರದ ಗೋಡೆಗೆ 7 ಪಟ್ಟಿ ಬೇಕು. ಸಾದಾ ಕಾಗದವಾದರೆ ಒಂದು ಸುರುಳಿಗೆ 3 ಪಟ್ಟಿ, 3 ಸುರುಳಿ ಸಾಕು. ದೊಡ್ಡ ಹೂವಿನ ಚಿತ್ರವಿದ್ದು ಹೊಂದಿಸಲು ಪಟ್ಟಿಗೆ 2 ಅಡಿ ಹೋಗುತ್ತದೆ ಅಂದರೆ ಸುರುಳಿಗೆ 2 ಪಟ್ಟಿ ಮಾತ್ರ, 4 ಸುರುಳಿ ಬೇಕಾಗುತ್ತದೆ.

ಕರಾರಿನಲ್ಲಿ ಬರೆಸಬೇಕಾದ್ದು: ಕಂಪನಿ ಮತ್ತು ಮಾದರಿಯ ಹೆಸರು, ಎಷ್ಟು ಕೋಟು, ಹಳೆಯದನ್ನು ಕೆಡವಿ ಸಾಗಿಸುವ ಖರ್ಚು ಯಾರದು, ಸ್ಕರ್ಟಿಂಗ್ ಅಡಿ ಲೆಕ್ಕವೋ ಚದರ ಅಡಿ ಲೆಕ್ಕವೋ, ಜಿಎಸ್‌ಟಿ ಸೇರಿದೆಯೋ ಇಲ್ಲವೋ. ಬಾಡಿಗೆ ಜಾಗವಾದರೆ ನೆಲ ಕೆಡಿಸಲು ಮಾಲೀಕರ ಒಪ್ಪಿಗೆ ಕಾಗದದಲ್ಲಿರಲಿ. ಹನ್ನೊಂದು ತಿಂಗಳ ಕರಾರಿನ ಜಾಗಕ್ಕೆ ಗ್ರಾನೈಟ್ ಹಾಕಿಸುವ ಮುನ್ನ ಎರಡು ಸಲ ಯೋಚಿಸಿ.

ಹಂತ 7. ಕೆಲಸದ ಸರದಿ

ಕೆಡವುವುದು, ತೇವದ ರಿಪೇರಿ, ಗೋಡೆಯೊಳಗಿನ ವೈರು-ಪೈಪು, ಗಿಲಾವು, ಫಾಲ್ಸ್ ಸೀಲಿಂಗ್, ನೆಲ, ನೆಲದ ರಕ್ಷಣೆಗೆ ಹೊದಿಕೆ, ಪುಟ್ಟಿ-ಪ್ರೈಮರ್, ಮರಗೆಲಸ ಕೂರಿಸುವುದು, ಅಲಂಕಾರದ ಗೋಡೆ, ಕೊನೆಯ ಕೋಟು ಬಣ್ಣ. ಎಸ್‌ಪಿಸಿ ಮಾತ್ರ ಎಲ್ಲದರ ಕೊನೆಗೆ.

ಮುಹೂರ್ತ ಮೊದಲು ಗೊತ್ತಾಗಿ ಆಮೇಲೆ ಕೆಲಸ ಶುರುವಾಗುವುದು ನಮ್ಮಲ್ಲಿ ರೂಢಿ. ಗಣೇಶ ಚೌತಿಗೆ ಉದ್ಘಾಟನೆ ಅಂದರೆ ಗಿಲಾವು ಆಷಾಢದಲ್ಲಿ, ಬಣ್ಣ ಶ್ರಾವಣದಲ್ಲಿ. ಧಾರವಾಡದ ಮಳೆಯಲ್ಲಿ ಗಿಲಾವು ಆರುವುದೇ ಇಲ್ಲ. ಹೊಸ ಸಿಮೆಂಟ್ ಗಿಲಾವಿಗೆ ಬಣ್ಣದ ಮುಂಚೆ ನಾಲ್ಕು ವಾರವಾದರೂ ಬೇಕು. ಮುಹೂರ್ತದಿಂದ ಹಿಂದಕ್ಕೆ ಎಣಿಸಿ ನೋಡಿ. ಸಮಯ ಸಾಲದಿದ್ದರೆ ಆ ದಿನ ಪೂಜೆ ಮಾಡಿ, ಗೋಡೆಗೆ ಪ್ರೈಮರ್ ಮತ್ತು ಒಂದು ಸಾದಾ ಕೋಟು ಸಾಕು. ಅಲಂಕಾರದ ಗೋಡೆಯನ್ನು ದೀಪಾವಳಿ ನಂತರ ಮಾಡಿಸಿ.

ಹಂತ 8. ತಾಬಾ ತೆಗೆದುಕೊಳ್ಳುವ ಮುನ್ನ

ಕೊನೆಯ ಕಂತು ಕೊಡುವ ಮೊದಲು ನಾಣ್ಯ ಹಿಡಿದು ಇಡೀ ನೆಲ ತಟ್ಟಿ. ಪೊಳ್ಳು ಸದ್ದಿನ ಟೈಲ್ಸಿಗೆ ಗುರುತು ಹಾಕಿ ಬದಲಿಸಲು ಹೇಳಿ. ಬಚ್ಚಲು, ಅಡುಗೆಮನೆಯಲ್ಲಿ ಒಂದು ಬಕೆಟ್ ನೀರು ಸುರಿದು ವಾಟ ಸರಿಯಿದೆಯೇ ನೋಡಿ, ನೀರೆಲ್ಲ ಜಾಲರಿಯ ಕಡೆಗೇ ಹರಿಯಬೇಕು. ಕತ್ತಲಾದ ಮೇಲೆ ಮೊಬೈಲ್ ದೀಪವನ್ನು ಗೋಡೆಗೆ ಒರಗಿಸಿ ಹಿಡಿಯಿರಿ. ಪುಟ್ಟಿಯ ಏರುತಗ್ಗು ಅಷ್ಟೂ ಕಾಣುತ್ತದೆ.

ಕೆಲಸ ಮುಗಿದ ದಿನ ನೆಲದ ಸಿಮೆಂಟ್ ಕಲೆ ತೆಗೆಯಲು ಆಸಿಡ್ ತರುವುದು ವಾಡಿಕೆ. ಸುಣ್ಣಕಲ್ಲು, ಮೊಸಾಯಿಕ್, ಮೈಕ್ರೋಸಿಮೆಂಟ್, ಸಿಮೆಂಟ್ ಗ್ರೌಟ್ ಯಾವುದಕ್ಕೂ ಆಸಿಡ್ ಮುಟ್ಟಿಸಬಾರದು. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ದಿನದ ಸ್ವಚ್ಛತೆಗೆ ಆಸಿಡ್ ಇಲ್ಲದ ಸೌಮ್ಯ ಸೋಪು ನೀರು ಸಾಕು. ಒರೆಸುವವರಿಗೆ ಇದನ್ನು ನೀವೇ ನಿಂತು ತೋರಿಸಿ. ಉಳಿದ ಎರಡು ಬಾಕ್ಸು ಟೈಲ್ಸ್, ಬಣ್ಣದ ಕೋಡ್ ಬರೆದ ಚೀಟಿ, ಗ್ರೌಟಿನ ಖಾಲಿ ಡಬ್ಬಿಯ ಫೋಟೋ, ಅಂಟಿನ ಚೀಲದ ಹೆಸರು, ಇಷ್ಟನ್ನೂ ಒಂದೇ ಕಡೆ ಇಡಿ. ಮುಂದೆ ರಿಪೇರಿಗೆ ಯಾರೇ ಬಂದರೂ ಮೊದಲು ಕೇಳುವುದು ಇವನ್ನೇ.